ಒಂದೇ ತಟ್ಟೆಗೆ ಎರಡು ತೀರ್ಪು: ನಮ್ಮ ದಿನನಿತ್ಯದ ಊಟ ಭೂಮಿಗೆ ಎಷ್ಟು ಭಾರ, ದೇಹಕ್ಕೆ ಎಷ್ಟು ಸಾರ?

2024ರಲ್ಲಿ ಭಾರತೀಯರ ಊಟದ ಬಗ್ಗೆ ಕೆಲವೇ ತಿಂಗಳ ಅಂತರದಲ್ಲಿ ಎರಡು ವರದಿಗಳು ಹೊರಬಂದವು. ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊಸ ಆಹಾರ ಮಾರ್ಗಸೂಚಿ ಪ್ರಕಟಿಸಿತು. ದೇಶದ ಒಟ್ಟು ಕಾಯಿಲೆಯ ಹೊರೆಯಲ್ಲಿ ಶೇ 56.4ರಷ್ಟಕ್ಕೆ ಸರಿಯಿಲ್ಲದ ಆಹಾರವೇ ಕಾರಣ ಎಂದು ಅದರ ಅಂದಾಜು. ಅಕ್ಟೋಬರ್‌ನಲ್ಲಿ ಜಾಗತಿಕ ಪರಿಸರ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ವರದಿ ಬಂತು. ಜಿ-20 ದೇಶಗಳಲ್ಲೆಲ್ಲ ಭೂಮಿಗೆ ಅತಿ ಕಡಿಮೆ ಭಾರವಾಗುವ ಊಟ ಭಾರತದ್ದು ಎಂದು ಅದು ಹೇಳಿತು. ಜಗತ್ತಿನ ಜನರೆಲ್ಲ ನಮ್ಮಂತೆ ಉಂಡರೆ 2050ರ ಹೊತ್ತಿಗೆ 0.84 ಭೂಮಿ ಸಾಕು, ಅಮೆರಿಕದವರಂತೆ ಉಂಡರೆ ಐದೂವರೆ ಭೂಮಿ ಬೇಕು ಎಂಬುದು ಅದರ ಲೆಕ್ಕ.

ಒಂದೇ ತಟ್ಟೆಯನ್ನು ಒಬ್ಬರು ಮೆಚ್ಚಿದರು, ಇನ್ನೊಬ್ಬರು ಎಚ್ಚರಿಸಿದರು. ಇವೆರಡರಲ್ಲಿ ಯಾವುದು ಸರಿ ಎಂದು ಕೇಳಿದವರು ಬಹಳ. ಎರಡೂ ಸರಿ. ಹೇಗೆಂದು ತಿಳಿಯಬೇಕಾದರೆ ತಟ್ಟೆಯಲ್ಲಿರುವ ಅನ್ನ, ಬೇಳೆ, ಮೊಸರು ಎಲ್ಲಿಂದ ಬಂದವು, ಬರುವಾಗ ಗಾಳಿಗೆ ಏನು ಬಿಟ್ಟವು, ನಮ್ಮ ಹೊಟ್ಟೆಗೆ ಏನು ಕೊಟ್ಟವು ಎಂಬುದನ್ನು ಒಂದೊಂದಾಗಿ ನೋಡಬೇಕು.

ಹಲವು ಅನಿಲ, ಒಂದೇ ತೂಕ

ಭೂಮಿಯ ಸುತ್ತ ಕೆಲವು ಅನಿಲಗಳು ಕಂಬಳಿಯಂತೆ ಹೊದ್ದುಕೊಂಡಿವೆ. ಅವು ಬಿಸಿಲಿನ ಶಾಖವನ್ನು ಹಿಡಿದಿಡುತ್ತವೆ. ಕಂಬಳಿ ದಪ್ಪವಾದಷ್ಟೂ ಸೆಕೆ ಹೆಚ್ಚು. ಊಟದ ವಿಷಯಕ್ಕೆ ಬಂದರೆ ಇವುಗಳಲ್ಲಿ ಮೂರು ಮುಖ್ಯ. ಡೀಸೆಲ್, ಕಲ್ಲಿದ್ದಲು ಉರಿದಾಗ ಮತ್ತು ಕಾಡು ಕಡಿದಾಗ ಬರುವುದು ಇಂಗಾಲದ ಡೈಆಕ್ಸೈಡ್. ನೀರು ನಿಂತ ಗದ್ದೆಯಿಂದ, ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಿಂದ, ಕೊಳೆಯುವ ಕಸದಿಂದ ಬರುವುದು ಮೀಥೇನ್. ಯೂರಿಯಾ, ಸಗಣಿ ಗೊಬ್ಬರ ಬಿದ್ದ ಮಣ್ಣಿನಿಂದ ಏಳುವುದು ನೈಟ್ರಸ್ ಆಕ್ಸೈಡ್.

ಮೂರರ ಶಕ್ತಿ ಒಂದೇ ಅಲ್ಲ. ನೂರು ವರ್ಷಗಳ ಅವಧಿಯಲ್ಲಿ ಒಂದು ಕಿಲೋ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಶಾಖ ಹಿಡಿಯುತ್ತದೆ. ನೈಟ್ರಸ್ ಆಕ್ಸೈಡ್ ಸುಮಾರು 273 ಪಟ್ಟು. ಹಿಂದೆ ನಮ್ಮಲ್ಲಿ ರಾಗಿಯನ್ನು ಸೇರಿನಲ್ಲಿ, ಎಣ್ಣೆಯನ್ನು ಪಾವಿನಲ್ಲಿ, ಬೆಳೆಯನ್ನು ಖಂಡುಗದಲ್ಲಿ ಅಳೆಯುತ್ತಿದ್ದರು. ಎಲ್ಲವನ್ನೂ ಕೂಡಿಸಬೇಕಾದರೆ ಒಂದೇ ಅಳತೆಗೆ ತರಲೇಬೇಕಿತ್ತು. ವಿಜ್ಞಾನಿಗಳೂ ಅದನ್ನೇ ಮಾಡುತ್ತಾರೆ: ಎಲ್ಲ ಅನಿಲಗಳನ್ನೂ ಅಷ್ಟೇ ಶಾಖ ಹಿಡಿಯುವ ಇಂಗಾಲದ ಡೈಆಕ್ಸೈಡ್‌ನ ತೂಕಕ್ಕೆ ಇಳಿಸುತ್ತಾರೆ. ಈ ಲೇಖನದಲ್ಲಿ 'ಇಂಗಾಲದ ತೂಕ' ಎಂದಾಗಲೆಲ್ಲ ಅದನ್ನೇ ಹೇಳುತ್ತಿದ್ದೇನೆ. ಒಂದು ಕಿಲೋ ಅಕ್ಕಿಗೆ ನಾಲ್ಕೂವರೆ ಕಿಲೋ ಇಂಗಾಲದ ತೂಕ ಎಂದರೆ, ಅಷ್ಟು ಭಾರದ ಗಾಳಿ ಅಕ್ಕಿಯಿಂದ ಎದ್ದಿತು ಎಂದು ಅರ್ಥವಲ್ಲ. ಸ್ವಲ್ಪವೇ ಮೀಥೇನ್ ಎದ್ದರೂ 27ರಿಂದ ಗುಣಿಸಿದಾಗ ದೊಡ್ಡದಾಗುತ್ತದೆ.

ಈ ಬಗೆಯ ಅಂಕಿಗಳಿಗೆ ಹೆಚ್ಚಾಗಿ ಆಧಾರವಾಗಿರುವುದು ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಸೆಕ್ 2018ರಲ್ಲಿ ಪ್ರಕಟಿಸಿದ ಅಧ್ಯಯನ. 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿ ಅದರಲ್ಲಿದೆ. ಮನುಷ್ಯರಿಂದಾಗುವ ಹಸಿರುಮನೆ ಅನಿಲಗಳಲ್ಲಿ, ಅಂದರೆ ಶಾಖ ಹಿಡಿಯುವ ಈ ಅನಿಲಗಳಲ್ಲಿ, ಸುಮಾರು ನಾಲ್ಕನೇ ಒಂದು ಪಾಲು ಆಹಾರದ್ದು ಎಂದು ಅದು ತೋರಿಸಿತು. ಮುಂದೆ ಬರುವ ಇಂಗಾಲದ ಅಂಕಿಗಳು ಜಾಗತಿಕ ಸರಾಸರಿಗಳು. ನಿಮ್ಮೂರಿನ ಗದ್ದೆ, ನಿಮ್ಮ ಕೊಟ್ಟಿಗೆಯ ಲೆಕ್ಕ ಅದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು.

ಗದ್ದೆಯ ಕೆಸರಿನಿಂದ ಏಳುವ ಗುಳ್ಳೆ

ನಾಲೆ ನೀರು ಹರಿಯುವ ಮಂಡ್ಯದ ಕಡೆ, ನಾಟಿಯಾಗಿ ತಿಂಗಳು ಕಳೆದ ಗದ್ದೆಗೆ ಇಳಿದು ನೋಡಿ. ಕಾಲು ಕೆಸರಿನಲ್ಲಿ ಹೂತ ಕೂಡಲೇ ಹಿಮ್ಮಡಿಯ ಸುತ್ತ ಬುಳುಬುಳು ಎಂದು ಸಣ್ಣ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳಲ್ಲಿ ಮೀಥೇನ್ ಇದೆ.

ಗೋಬರ್ ಗ್ಯಾಸ್ ತೊಟ್ಟಿಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಗಣಿ ಗಂಜಲವನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ, ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಮೀಥೇನ್ ಬಿಡುತ್ತವೆ. ಒಲೆಯಲ್ಲಿ ಉರಿಯುವುದು ಅದೇ. ಭತ್ತದ ಗದ್ದೆಯಲ್ಲಿ ಮುಚ್ಚಳದ ಕೆಲಸವನ್ನು ನಿಂತ ನೀರು ಮಾಡುತ್ತದೆ. ಕೆಳಗಿನ ಮಣ್ಣಿಗೆ ಗಾಳಿ ಇಳಿಯುವುದಿಲ್ಲ. ಕೊಳೆತ ಹುಲ್ಲು, ಕೂಳೆ, ಬೇರಿನ ತುಣುಕುಗಳನ್ನು ಅದೇ ಜಾತಿಯ ಜೀವಿಗಳು ಕರಗಿಸುತ್ತವೆ. ಹುಟ್ಟಿದ ಮೀಥೇನ್‌ನಲ್ಲಿ ಹೆಚ್ಚಿನ ಪಾಲು ಗುಳ್ಳೆಯಾಗಿ ಬರುವುದಿಲ್ಲ, ಭತ್ತದ ಪೈರಿನೊಳಗಿನಿಂದಲೇ ಹೊರಬರುತ್ತದೆ. ನೀರಿನಲ್ಲಿ ಮುಳುಗಿದ ಬೇರಿಗೆ ಉಸಿರು ತಲುಪಿಸಲು ಭತ್ತದ ಕಾಂಡದಲ್ಲಿ ಟೊಳ್ಳು ದಾರಿಗಳಿವೆ. ಮೇಲಿನಿಂದ ಆಮ್ಲಜನಕ ಇಳಿಯುವ ಆ ದಾರಿಯಲ್ಲೇ ಕೆಳಗಿನಿಂದ ಮೀಥೇನ್ ಏರುತ್ತದೆ.

ಜಗತ್ತಿನಲ್ಲಿ ಮನುಷ್ಯರ ಚಟುವಟಿಕೆಯಿಂದ ಹೊರಬರುವ ಮೀಥೇನ್‌ನಲ್ಲಿ ಸುಮಾರು ಶೇ 8ರಷ್ಟು ಭತ್ತದ ಗದ್ದೆಗಳದ್ದು. ಅದಕ್ಕಾಗಿಯೇ ಒಂದು ಕಿಲೋ ಅಕ್ಕಿಯ ಇಂಗಾಲದ ತೂಕ ಸುಮಾರು ನಾಲ್ಕೂವರೆ ಕಿಲೋ ಇದ್ದರೆ, ಗೋಧಿಯದು ಒಂದೂವರೆ ಕಿಲೋದಷ್ಟು ಮಾತ್ರ. ಗೋಧಿಗೆ, ರಾಗಿಗೆ, ಜೋಳಕ್ಕೆ ನಿಂತ ನೀರು ಬೇಡ.

ಭತ್ತಕ್ಕೂ ಸದಾ ನೀರು ನಿಂತಿರಲೇಬೇಕೆಂದಿಲ್ಲ. ಗದ್ದೆಗೆ ನೀರು ಕಟ್ಟಿ, ಅದು ನೆಲಮಟ್ಟದಿಂದ ಸುಮಾರು 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೆ ಕಾದು, ಮತ್ತೆ ಕಟ್ಟುವ ವಿಧಾನವೊಂದಿದೆ. ತೂತು ಕೊರೆದ ಪೈಪ್ ತುಂಡೊಂದನ್ನು ಮಣ್ಣಿನಲ್ಲಿ ಹೂಳಿದರೆ ನೀರು ಎಲ್ಲಿದೆ ಎಂದು ಕಾಣುತ್ತದೆ. ಮಣ್ಣಿಗೆ ನಡುನಡುವೆ ಗಾಳಿ ಸಿಗುವುದರಿಂದ ಮೀಥೇನ್ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಯುತ್ತದೆ. ನೈಟ್ರಸ್ ಆಕ್ಸೈಡ್ ತುಸು ಏರುತ್ತದೆ, ಆದರೂ ಒಟ್ಟು ಲೆಕ್ಕ ಲಾಭವೇ. ರಾಯಚೂರು, ಕೊಪ್ಪಳದ ಕಡೆ ಕೆಲವು ರೈತರು ನಾಟಿ ಬಿಟ್ಟು ಕೂರಿಗೆಯಲ್ಲಿ ಭತ್ತ ಬಿತ್ತುತ್ತಾರೆ. ಅದರಲ್ಲೂ ನೀರು ನಿಲ್ಲುವ ದಿನಗಳು ಕಡಿಮೆ. ಆದರೆ ನಾಲೆಯ ಕೊನೆಯಂಚಿನ ರೈತರಿಗೆ ನೀರು ಯಾವಾಗ ಬರುತ್ತದೆ ಎಂಬುದೇ ಖಾತರಿ ಇರುವುದಿಲ್ಲ. ಬಂದಾಗ ತುಂಬಿಸಿಕೊಳ್ಳದೆ ಅವರು ಕಾದು ಕೂರಲಾರರು. ಇದನ್ನು ರೈತರ ತಪ್ಪೆಂದು ಹೇಳುವುದು ಅನ್ಯಾಯ.

ಮೆಲುಕು ಹಾಕುವ ಹೊಟ್ಟೆ

ಹಸು, ಎಮ್ಮೆ, ಕುರಿ, ಮೇಕೆಗಳಿಗೆ ನಾಲ್ಕು ಅಂಕಣದ ಹೊಟ್ಟೆ. ಮೊದಲ ಅಂಕಣವೂ ಗೋಬರ್ ಗ್ಯಾಸ್ ತೊಟ್ಟಿಯೇ. ನಾವು ಅರಗಿಸಿಕೊಳ್ಳಲಾಗದ ಹುಲ್ಲನ್ನು ಅಲ್ಲಿನ ಸೂಕ್ಷ್ಮಜೀವಿಗಳು ಕರಗಿಸಿ ಹಾಲಾಗುವಂತೆ ಮಾಡುತ್ತವೆ. ಅದಕ್ಕೆ ತೆರುವ ಬೆಲೆ ಮೀಥೇನ್. ಅದು ಹಿಂದಿನಿಂದ ಹೋಗುತ್ತದೆ ಎಂಬ ತಿಳಿವಳಿಕೆ ವ್ಯಾಪಕ, ಆದರೆ ಬಹುಪಾಲು ತೇಗಿನ ಜೊತೆ ಬಾಯಿಂದ ಹೊರಬರುತ್ತದೆ.

ಒಂದು ಲೀಟರ್ ಹಾಲಿಗೆ ಸುಮಾರು ಮೂರು ಕಿಲೋ ಇಂಗಾಲದ ತೂಕ. ಕುರಿಮಾಂಸಕ್ಕೆ ಕಿಲೋಗೆ ಸುಮಾರು 40, ಕೋಳಿಗೆ ಸುಮಾರು 10. ಕೋಳಿಗೆ ಮೆಲುಕು ಹಾಕುವ ಹೊಟ್ಟೆ ಇಲ್ಲದಿರುವುದೇ ಈ ಅಂತರಕ್ಕೆ ದೊಡ್ಡ ಕಾರಣ. ಇನ್ನು ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳಿಗೆ ಯಾರೂ ಮೇವು ಹಾಕಬೇಕಿಲ್ಲ. ತೀರದ ಹತ್ತಿರವೇ ಗುಂಪಾಗಿ ಸಿಗುವುದರಿಂದ ದೋಣಿಯ ಡೀಸೆಲ್ ಕೂಡ ಕಡಿಮೆ. ಪ್ರಾಣಿಮೂಲದ ಆಹಾರಗಳಲ್ಲಿ ಅತಿ ಹಗುರವಾದವುಗಳ ಸಾಲಿನಲ್ಲಿ ಅವು ನಿಲ್ಲುತ್ತವೆ.

2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ದನ, ಎಮ್ಮೆ ಸೇರಿ 30 ಕೋಟಿಗೂ ಹೆಚ್ಚು. ಹೀಗಿದ್ದೂ ತಲಾವಾರು ಲೆಕ್ಕದಲ್ಲಿ ನಮ್ಮ ಊಟ ಹಗುರ, ಏಕೆಂದರೆ ಶ್ರೀಮಂತ ದೇಶಗಳವರು ತಿನ್ನುವಷ್ಟು ಮಾಂಸ, ಚೀಸ್ ನಾವು ತಿನ್ನುವುದಿಲ್ಲ. ಅಕ್ಟೋಬರ್‌ನ ಮೆಚ್ಚುಗೆಯ ಹಿಂದಿನ ದೊಡ್ಡ ಕಾರಣ ಇದೇ.

ತನ್ನ ಗೊಬ್ಬರ ತಾನೇ ಮಾಡಿಕೊಳ್ಳುವ ಗಿಡ

ತೊಗರಿ, ಅವರೆ, ಹುರುಳಿ, ಅಲಸಂದೆ, ಹೆಸರು. ಇವುಗಳಲ್ಲಿ ಯಾವ ಗಿಡವನ್ನಾದರೂ ಬೇರುಸಮೇತ ಕಿತ್ತು ಮಣ್ಣು ಕೊಡವಿದರೆ ಬೇರಿನ ಉದ್ದಕ್ಕೂ ಸಾಸಿವೆ ಕಾಳಿನಂಥ ಗಂಟುಗಳು ಕಾಣುತ್ತವೆ. ಉಗುರಿನಲ್ಲಿ ಒಂದನ್ನು ಸೀಳಿದರೆ ಒಳಗೆ ನಸುಗೆಂಪು. ಅಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ವಾಸ ಮಾಡುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುದು ಅದರ ಕೆಲಸ, ಬದಲಿಗೆ ಗಿಡ ಅದಕ್ಕೆ ಸಕ್ಕರೆ ಉಣಿಸುತ್ತದೆ. ಹಾಗಾಗಿ ಕಾಳುಬೆಳೆಗೆ ಯೂರಿಯಾ ಅಷ್ಟಾಗಿ ಬೇಡ. ಯೂರಿಯಾ ಇಲ್ಲವೆಂದರೆ ಅದನ್ನು ತಯಾರಿಸಲು ಉರಿಸುವ ಇಂಧನವೂ ಇಲ್ಲ, ಹೊಲದಿಂದ ಏಳುವ ನೈಟ್ರಸ್ ಆಕ್ಸೈಡೂ ಕಡಿಮೆ. ಒಂದು ಕಿಲೋ ಬೇಳೆಕಾಳಿನ ಇಂಗಾಲದ ತೂಕ ಎರಡು ಕಿಲೋ ಮುಟ್ಟುವುದಿಲ್ಲ.

ಇದನ್ನು ಪ್ರೋಟೀನಿನ ಕಡೆಯಿಂದ ಲೆಕ್ಕ ಹಾಕಿದರೆ ಅಂತರ ಇನ್ನೂ ಹಿಗ್ಗುತ್ತದೆ. ನೂರು ಗ್ರಾಂ ಪ್ರೋಟೀನನ್ನು ಹಾಲಿನಿಂದ ಪಡೆದರೆ ಇಂಗಾಲದ ತೂಕ ಒಂಬತ್ತೂವರೆ ಕಿಲೋ, ಬೇಳೆಕಾಳಿನಿಂದ ಪಡೆದರೆ ಒಂದು ಕಿಲೋಗಿಂತ ಕಡಿಮೆ.

ಹಳೆ ಮೈಸೂರು ಸೀಮೆಯ ಅಕ್ಕಡಿ ಸಾಲು ನೆನಪಾಗುತ್ತದೆ. ರಾಗಿಯ ನಡುವೆ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಬಿತ್ತುವ ಪದ್ಧತಿ ಅದು. ಮುದ್ದೆ, ಅದಕ್ಕೆ ಸಾರಿನ ಕಾಳು, ಒಗ್ಗರಣೆಯ ಸಾಸಿವೆ, ಚಟ್ನಿಪುಡಿಯ ಹುಚ್ಚೆಳ್ಳು ಎಲ್ಲವೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದವು. ಮಳೆ ಕೈಕೊಟ್ಟ ವರ್ಷ ಒಂದಲ್ಲ ಒಂದು ಬೆಳೆ ಉಳಿಯುತ್ತಿತ್ತು.

ಹೊಟ್ಟೆ ತುಂಬುವುದಕ್ಕೂ ಮೈಗೆ ಹತ್ತುವುದಕ್ಕೂ ಇರುವ ಅಂತರ

ಈಗ ಎರಡನೆಯ ಲೆಕ್ಕ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಿಂದ ಅಕ್ಕಿ, ರಾಗಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಪಾಲಿಶ್ ಮಾಡಿದ ನೂರು ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಏಳೆಂಟು ಮಿಲಿಗ್ರಾಂ, ರಾಗಿಯಲ್ಲಿ 364. ಅಕ್ಕಿಯಲ್ಲಿ ಕಬ್ಬಿಣ 0.65 ಮಿಲಿಗ್ರಾಂ, ರಾಗಿಯಲ್ಲಿ 4.6. ನಾರು ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 11. ಪ್ರೋಟೀನಿನಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ, ಏಳೆಂಟು ಗ್ರಾಂ. ರಾಗಿ ತಿಂದರೆ ಪ್ರೋಟೀನ್ ಹೆಚ್ಚು ಸಿಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಅದಕ್ಕೆ ಪಕ್ಕದಲ್ಲಿ ಕಾಳು ಬೇಕೇ ಬೇಕು.

ಅಕ್ಕಿ ಇಷ್ಟು ಬಡವಾಗುವುದಕ್ಕೆ ಗಿರಣಿಯೂ ಕಾರಣ. ಬೆಳ್ಳಗಾಗಿಸಲು ತೌಡು ತೆಗೆದಾಗ ಅದರಲ್ಲಿದ್ದ ಕಬ್ಬಿಣ, ಬಿ ಜೀವಸತ್ವಗಳೂ ಹೋಗುತ್ತವೆ. ಕರಾವಳಿಯ ಕುಚ್ಚಲಕ್ಕಿಯ ಕತೆ ಬೇರೆ. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ ಬೇಯಿಸಿದಾಗ ಹೊರಪದರದ ಬಿ ಜೀವಸತ್ವಗಳಲ್ಲಿ ಸ್ವಲ್ಪ ಒಳಗಿನ ಕಾಳಿಗೆ ಇಳಿದುಬಿಡುತ್ತವೆ. ಆಮೇಲೆ ಗಿರಣಿಗೆ ಹೋದರೂ ಅಷ್ಟು ನಷ್ಟವಾಗುವುದಿಲ್ಲ.

ಕೋಷ್ಟಕದಲ್ಲಿ ಇರುವುದೆಲ್ಲ ದೇಹಕ್ಕೆ ದಕ್ಕುವುದಿಲ್ಲ. ಧಾನ್ಯ, ಕಾಳುಗಳಲ್ಲಿ ಫೈಟೇಟ್ ಎಂಬ ವಸ್ತುವಿದೆ. ಬೀಜ ತನ್ನ ಮುಂದಿನ ಮೊಳಕೆಗಾಗಿ ಕಟ್ಟಿಟ್ಟುಕೊಂಡ ಬುತ್ತಿ ಅದು. ನಮ್ಮ ಹೊಟ್ಟೆಯಲ್ಲಿ ಅದು ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಹಿಡಿದುಕೊಂಡು ಸುಲಭವಾಗಿ ಬಿಡುವುದಿಲ್ಲ. ಆ ಹಿಡಿತ ಸಡಿಲಿಸುವ ಉಪಾಯ ನಮ್ಮ ಅಡುಗೆಮನೆಗಳಲ್ಲಿ ಹಿಂದಿನಿಂದಲೂ ಇದೆ. ಅಮ್ಮ ಹುರುಳಿಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಯಲ್ಲಿ ಮುಚ್ಚಿಡುತ್ತಾರೆ. ಮಾರನೆಯ ದಿನ ಗಂಟು ಬಿಚ್ಚಿದರೆ ಬಿಳಿ ಮೊಳಕೆಗಳು ಬಟ್ಟೆಯ ನೂಲಿನ ಸಂದಿಯಲ್ಲೇ ತೂರಿ ಹೊರಗೆ ಇಣುಕಿರುತ್ತವೆ. ಮೊಳಕೆ ಒಡೆಯಬೇಕಾದರೆ ಬೀಜ ತನ್ನ ಬುತ್ತಿಯನ್ನು ಬಿಚ್ಚಲೇಬೇಕು, ಹಾಗೆ ಬಿಚ್ಚುವಾಗ ಫೈಟೇಟ್ ಒಡೆಯುತ್ತದೆ. ದೋಸೆ ಹಿಟ್ಟು ಹುಳಿ ಬರುವಾಗಲೂ ಅದೇ ಆಗುತ್ತದೆ. ಕೋಸಂಬರಿಗೆ ನಿಂಬೆಹಣ್ಣು ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಊಟದ ಹಿಂದೆಯೇ ಕುಡಿಯುವ ಚಹಾ ಇದಕ್ಕೆ ಅಡ್ಡಗಾಲು. ಒಂದು ಗಂಟೆ ಬಿಟ್ಟು ಕುಡಿದರೆ ಒಳ್ಳೆಯದು.

ಪ್ರೋಟೀನಿನದು ಹೂಮಾಲೆಯ ಹಾಗೆ. ದೇಹ ಹಲವು ಬಣ್ಣದ ಹೂಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸುತ್ತದೆ. ಒಂದು ಬಣ್ಣದ ಹೂ ಮುಗಿದರೆ, ಉಳಿದವು ರಾಶಿ ಬಿದ್ದಿದ್ದರೂ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಈ ಹೂಗಳೇ ಅಮೈನೋ ಆಮ್ಲಗಳು. ಧಾನ್ಯಗಳಲ್ಲಿ ಲೈಸಿನ್ ಕಡಿಮೆ, ಕಾಳುಗಳಲ್ಲಿ ಮೆಥಿಯೋನಿನ್ ಕಡಿಮೆ. ಮುದ್ದೆಗೆ ಅವರೆಕಾಳು ಸಾರು, ಜೋಳದ ರೊಟ್ಟಿಗೆ ಕಾಳುಪಲ್ಯ, ಅನ್ನಕ್ಕೆ ಹುಳಿ ಜೊತೆಯಾದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕಿಲ್ಲ, ಒಂದೇ ದಿನದಲ್ಲಿ ಸಿಕ್ಕರೂ ಸಾಕು.

ಎರಡು ಲೆಕ್ಕಗಳು ಬೇರೆಯಾಗುವ ಕಡೆ

ರಾಗಿ, ಕಾಳು, ಸೊಪ್ಪಿನ ವಿಷಯದಲ್ಲಿ ಭೂಮಿಯ ಲೆಕ್ಕವೂ ಮೈಯ ಲೆಕ್ಕವೂ ಒಂದೇ ಕಡೆ ವಾಲುತ್ತವೆ. ಎಲ್ಲ ಕಡೆಯೂ ಹಾಗಾಗುವುದಿಲ್ಲ. ಸಕ್ಕರೆಯನ್ನೇ ತೆಗೆದುಕೊಳ್ಳಿ. ಅದು ಕೊಡುವ ಶಕ್ತಿಗೆ ಹೋಲಿಸಿದರೆ ಅದರ ಇಂಗಾಲದ ತೂಕ ಕಡಿಮೆ. ಚಹಾ ಮತ್ತು ಬಿಸ್ಕತ್ತಿನಲ್ಲಿ ಹೊತ್ತು ಕಳೆಯುವವರು ಭೂಮಿಗೆ ಹೆಚ್ಚು ಭಾರವಾಗುವುದಿಲ್ಲ, ಆದರೆ ಶಕ್ತಿ ಬಿಟ್ಟರೆ ಅವರ ಮೈಗೆ ಹೆಚ್ಚೇನೂ ಸಿಗುವುದಿಲ್ಲ.

ಹಾಲಿನದು ಇದರ ತಿರುವುಮುರುವು. ಅದರ ಇಂಗಾಲದ ತೂಕ ಹೆಚ್ಚು, ಆದರೆ ಬಿ12 ಜೀವಸತ್ವ ಯಾವ ಸೊಪ್ಪಿನಲ್ಲೂ ಯಾವ ಕಾಳಿನಲ್ಲೂ ನೆಚ್ಚುವಷ್ಟು ಇಲ್ಲ. ನರಗಳಿಗೂ ರಕ್ತಕ್ಕೂ ಬೇಕಾದ ಅದು ನಮ್ಮ ಊಟದಲ್ಲಿ ಮುಖ್ಯವಾಗಿ ಹಾಲು, ಮೊಟ್ಟೆ, ಮೀನು, ಮಾಂಸದಿಂದ ಸಿಗುತ್ತದೆ. ಸಸ್ಯಾಹಾರಿಗಳ ಮನೆಯಲ್ಲಿ ಬಟ್ಟಲು ಮೊಸರು ಅಲಂಕಾರಕ್ಕಾಗಿ ಇರುವುದಲ್ಲ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯ ಇಂಗಾಲದ ತೂಕ ಕಾಲು ಕಿಲೋದಷ್ಟು ಮಾತ್ರ. ಬೆಳೆಯುವ ಮಗುವಿನ ಹಾಲನ್ನು ಹವಾಮಾನದ ಹೆಸರಿನಲ್ಲಿ ಕಡಿಮೆ ಮಾಡುವುದು ತಪ್ಪು ಎಂದೇ ನಾನು ತಿಳಿಯುತ್ತೇನೆ.

ಎರಡು ವರದಿಗಳ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಪೋಷಣಾ ಸಂಸ್ಥೆಯ ಪ್ರಕಾರ ಭಾರತೀಯರ ದಿನದ ಶಕ್ತಿಯಲ್ಲಿ ಶೇ 50ರಿಂದ 70ರಷ್ಟು ಧಾನ್ಯದಿಂದಲೇ ಬರುತ್ತದೆ. ಅದು ಶೇ 45ನ್ನು ಮೀರಬಾರದು. ಬೇಳೆಕಾಳು, ಮೊಟ್ಟೆ, ಮೀನು, ಮಾಂಸ ಎಲ್ಲ ಸೇರಿ ಶೇ 14ರಷ್ಟಾದರೂ ಇರಬೇಕು, ಇರುವುದು ಶೇ 6ರಿಂದ 9. ನಮ್ಮ ತಟ್ಟೆ ಭೂಮಿಗೆ ಹಗುರವಾಗಿರುವುದಕ್ಕೆ ನಮ್ಮ ಕಾಳು, ಸೊಪ್ಪಿನ ಅಡುಗೆಯ ಜಾಣ್ಮೆ ಒಂದು ಕಾರಣ. ಕಾಳು, ಹಣ್ಣು, ತರಕಾರಿ, ಹಾಲನ್ನು ಬೇಕಾದಷ್ಟು ಕೊಳ್ಳಲಾಗದವರು ಕೋಟಿಗಟ್ಟಲೆ ಇದ್ದಾರೆ ಎಂಬುದು ಇನ್ನೊಂದು ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೊಗಳಿಕೆಯನ್ನು ಓದುವಾಗ ಈ ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಲಾರಿ ಮತ್ತು ತಿಪ್ಪೆ

ದೂರದಿಂದ ಬಂದ ಆಹಾರವೆಲ್ಲ ಭಾರ ಎಂಬುದು ಸಾಮಾನ್ಯ ಅನಿಸಿಕೆ. ಆಹಾರದ ಒಟ್ಟು ಇಂಗಾಲದಲ್ಲಿ ಸಾಗಣೆಯ ಪಾಲು ಶೇ 6ರ ಆಸುಪಾಸು ಮಾತ್ರ. ಏನು ತಿನ್ನುತ್ತೇವೆ ಎಂಬುದು ಎಲ್ಲಿಂದ ಬಂತು ಎಂಬುದಕ್ಕಿಂತ ದೊಡ್ಡದು. ವಿಮಾನದಲ್ಲಿ ಬರುವ ಹಣ್ಣುಗಳು ಮಾತ್ರ ಇದಕ್ಕೆ ಹೊರತು.

ಚೆಲ್ಲಿದ ಅನ್ನ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬೆಳೆಯುವಾಗ ಬಿಟ್ಟ ಮೀಥೇನ್ ಒಂದು, ಕಸದ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆಯುವಾಗ ಬಿಡುವುದು ಇನ್ನೊಂದು. ವಿಶ್ವಸಂಸ್ಥೆಯ 2024ರ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಹಾಳಾಗುತ್ತದೆ.

ತಕ್ಕಡಿಯಲ್ಲಿ ಒಂದು ಹಿಡಿ ಬೇಳೆ

2,000 ಕ್ಯಾಲರಿಯ ಊಟಕ್ಕೆ ಪೋಷಣಾ ಸಂಸ್ಥೆ ಹೇಳುವ ದಿನದ ಅಳತೆ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ (ಮೊಟ್ಟೆ, ಮಾಂಸ ತಿನ್ನುವವರಿಗೆ ಅದೂ ಇದರಲ್ಲೇ), ಹಾಲು ಅಥವಾ ಮೊಸರು 300 ಮಿಲಿಲೀಟರ್, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಕಡಲೆಬೀಜ, ಎಳ್ಳಿನಂಥ ಎಣ್ಣೆಕಾಳುಗಳು 35 ಗ್ರಾಂ, ಎಣ್ಣೆ 27 ಗ್ರಾಂ.

ಇದನ್ನು ಓದಿದ ದಿನ ನಮ್ಮ ಮನೆಯ ಸಾರಿಗೆ ಹಾಕುವ ತೊಗರಿಬೇಳೆಯನ್ನು ತೂಗಿ ನೋಡಿದೆ. ಅಮ್ಮನ ಕೈಯಳತೆಯಲ್ಲಿ ಒಂದೂವರೆ ಹಿಡಿ, 64 ಗ್ರಾಂ. ಉಣ್ಣುವವರು ನಾಲ್ವರು. ತಲೆಗೆ 16 ಗ್ರಾಂ, ಎರಡು ಹೊತ್ತಿಗೆ 32. ಬೇಕಾದುದರಲ್ಲಿ ಅರ್ಧವೂ ಇಲ್ಲ. ಇನ್ನೊಂದು ಹಿಡಿ ಹಾಕಲು ಹೋದರೆ ಅಮ್ಮ, "ಅಷ್ಟು ಬೇಳೆ ಹಾಕಿದರೆ ಅದು ಸಾರಾಗುವುದಿಲ್ಲಪ್ಪ, ಹುಳಿಯಾಗುತ್ತದೆ" ಎಂದರು.

ತಲೆಗೆ ದಿನಕ್ಕೆ 50 ಗ್ರಾಂ ಅಕ್ಕಿ ಇಳಿಸಿ ಅಷ್ಟೇ ಕಾಳು ಏರಿಸಿದರೆ ಏನಾಗುತ್ತದೆ? ನಾಲ್ವರ ಮನೆಯಲ್ಲಿ ವರ್ಷಕ್ಕೆ 73 ಕಿಲೋ ಅಕ್ಕಿ ಉಳಿಯುತ್ತದೆ, 73 ಕಿಲೋ ಕಾಳು ಸೇರುತ್ತದೆ. ಮೇಲೆ ಹೇಳಿದ ಸರಾಸರಿಗಳ ಪ್ರಕಾರ ಅಕ್ಕಿಯ ಕಡೆ ಸುಮಾರು 330 ಕಿಲೋ ಇಂಗಾಲದ ತೂಕ ಇಳಿಯುತ್ತದೆ, ಕಾಳಿನ ಕಡೆ 130ರಷ್ಟು ಏರುತ್ತದೆ. ಒಟ್ಟು ಉಳಿತಾಯ 200 ಕಿಲೋ. ಪ್ರತಿಯೊಬ್ಬರಿಗೂ ದಿನಕ್ಕೆ ಏಳು ಗ್ರಾಂನಷ್ಟು ಪ್ರೋಟೀನ್ ಹೆಚ್ಚು.

ಬೇಳೆ ಅಕ್ಕಿಗಿಂತ ತುಟ್ಟಿ, ಪಡಿತರದಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಅಕ್ಕಿಯೇ. ಹಾಗಾಗಿ ಈ ಲೆಕ್ಕ ಮನೆಯ ಅಡುಗೆಯವರೊಬ್ಬರ ಕೈಯಲ್ಲಿಲ್ಲ. ರಾಜ್ಯದ ದಕ್ಷಿಣದ ಜಿಲ್ಲೆಗಳಿಗೆ ಪಡಿತರದಲ್ಲಿ ರಾಗಿ, ಉತ್ತರಕ್ಕೆ ಜೋಳ ಕೊಡುವ ಏರ್ಪಾಡು ಇದೆ. ಅದೇ ಚೀಲದ ಪಕ್ಕದಲ್ಲಿ ಕಾಳೂ ಬಂದರೆ ಎರಡೂ ಲೆಕ್ಕ ಒಟ್ಟಿಗೆ ಕೂಡುತ್ತವೆ. ಸದ್ಯಕ್ಕೆ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಹುರುಳಿ ಮೊಳಕೆಯ ಗಂಟು ಕಟ್ಟುತ್ತೇವೆ. ಮೊಳಕೆ ಸಾರಿಗೆ ಕಾಳು ಎಷ್ಟು ಹಾಕಿದರೂ ಅಮ್ಮ ಆಕ್ಷೇಪಿಸುವುದಿಲ್ಲ.